ವಾರಕ್ಕೆ ಎರಡು ದಿನ ಹುಬ್ಬಳ್ಳಿ, ತಿಂಗಳು ಪೂರ್ತಿ ಪಾಸು

ಜುಲೈ ಒಂದರಂದು ಗದಗ ರೈಲು ನಿಲ್ದಾಣದಲ್ಲಿ ಹುಬ್ಬಳ್ಳಿಗೆ ಮೂರು ತಿಂಗಳ ಪಾಸು ಮಾಡಿಸಿದ್ದೆ. ಸೆಪ್ಟೆಂಬರ್ ಕೊನೆಗೆ ಅದರ ಅವಧಿ ಮುಗಿಯಿತು. ಲೆಕ್ಕಪತ್ರ ನೋಡಿಕೊಂಡೇ ಹೊಟ್ಟೆ ಹೊರೆಯುವವನಾದ್ದರಿಂದ, ಮುಗಿದ ಪಾಸನ್ನು ಹರಿದು ಹಾಕುವ ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು, ಈ ಮೂರು ತಿಂಗಳಲ್ಲಿ ನಿಜವಾಗಿ ಎಷ್ಟು ದಿನ ಹುಬ್ಬಳ್ಳಿಗೆ ಹೋಗಿ ಬಂದೆ ಎಂದು ಎಣಿಸಿದೆ. ಹತ್ತೊಂಬತ್ತು ದಿನ. ಎರಡು ಸಲ ಎಣಿಸಿದರೂ ಅಷ್ಟೇ ಬಂತು.

ನಮ್ಮ ಕಚೇರಿಯ ಕಟ್ಟಳೆ ಈಗ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಗುರುವಾರ. ಉಳಿದ ದಿನ ಗದಗಿನ ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂರಬೇಕು. 2020ಕ್ಕೆ ಮುಂಚೆ ವಾರದಲ್ಲಿ ಆರು ದಿನ ಹೋಗುತ್ತಿದ್ದೆ, ಆಗ ಪಾಸಿನ ಬಗ್ಗೆ ಯೋಚಿಸುವ ಪ್ರಸಂಗವೇ ಇರಲಿಲ್ಲ. ಹಾಲಿನ ಲೆಕ್ಕ, ಪೇಪರಿನ ಲೆಕ್ಕದಂತೆ ಅದೂ ತಿಂಗಳ ಖರ್ಚಿನಲ್ಲಿ ಒಂದು ಸಾಲು. ಈಗ ಹದಿಮೂರು ವಾರಕ್ಕೆ ಇಪ್ಪತ್ತಾರು ದಿನ ಆಗಬೇಕಾದಲ್ಲಿ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆ ನಾಲ್ಕು ದಿನ ರಜೆ, ಹಬ್ಬಹುಣ್ಣಿಮೆಗೆ ಮೂರು ದಿನ ಕಳೆದು ಹತ್ತೊಂಬತ್ತು ಉಳಿದಿದ್ದವು. ಹಾಗಾದರೆ ಪಾಸಿನಿಂದ ಲಾಭವಾಯಿತೋ ನಷ್ಟವಾಯಿತೋ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ, ನಾನು ಮೊದಲು ಅಂದುಕೊಂಡಿದ್ದಕ್ಕಿಂತ ಬೇರೆಯೇ ಒಂದು ಕಡೆ ಬಂದು ತಲುಪಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರೈಲ್ವೆಯ ಸೀಸನ್ ಟಿಕೆಟಿನ ಲೆಕ್ಕ ಸರಳವಾಗಿದೆ. ಎರಡನೇ ದರ್ಜೆಯ ತಿಂಗಳ ಪಾಸಿನ ದರವನ್ನು ಸುಮಾರು ಹದಿನೈದು ಬಿಡಿ ಪ್ರಯಾಣಗಳ ದರದ ಆಧಾರದ ಮೇಲೆ ನಿಗದಿ ಮಾಡಿದ್ದಾರೆ. ಮೂರು ತಿಂಗಳಿಗೆ ಅದರ 2.7 ಪಟ್ಟು, ಆರು ತಿಂಗಳಿಗೆ 5.4 ಪಟ್ಟು, ವರ್ಷಕ್ಕೆ 10.8 ಪಟ್ಟು. 150 ಕಿಲೋಮೀಟರ್ ಒಳಗಿನ ಊರುಗಳ ನಡುವೆ ಮಾತ್ರ ಇದು ಸಿಗುತ್ತದೆ. ಗದಗ–ಹುಬ್ಬಳ್ಳಿ 58 ಕಿಲೋಮೀಟರ್, ಹಾವೇರಿ–ಹುಬ್ಬಳ್ಳಿ ಸುಮಾರು 75, ಹುಬ್ಬಳ್ಳಿ–ಧಾರವಾಡ ಸುಮಾರು 20, ಹೀಗಾಗಿ ನಮ್ಮ ಭಾಗದಲ್ಲಿ ಅಪ್-ಡೌನ್ ಮಾಡುವವರೆಲ್ಲ ಈ ಮಿತಿಯೊಳಗೇ ಬರುತ್ತಾರೆ. ನನ್ನ ಮೂರು ತಿಂಗಳ ಪಾಸು ಹದಿನೈದರ 2.7 ಪಟ್ಟು, ಎಂದರೆ ನಲವತ್ತೂವರೆ ಬಿಡಿ ಟಿಕೆಟಿಗೆ ಸಮ. ಹೋಗುವುದು, ಬರುವುದು ಎರಡೂ ಸೇರಿ ನಾನು ಮಾಡಿದ್ದು ಮೂವತ್ತೆಂಟು ಪ್ರಯಾಣ. ಎರಡೂವರೆ ಟಿಕೆಟಿನಷ್ಟು ನಷ್ಟ.

ನಷ್ಟ ಎಷ್ಟೇ ಸಣ್ಣದಿರಲಿ, ಲೆಕ್ಕಿಗನ ಮನಸ್ಸಿಗೆ ಅದು ಸಣ್ಣದಲ್ಲ. ಮುಂದಿನ ಮಂಗಳವಾರ ಗಾಡಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಹಳೆಯ ಜೊತೆಗಾರರ ಮುಂದೆ ಇದನ್ನು ಹೇಳಿಕೊಂಡೆ. ಅವರು ಹುಬ್ಬಳ್ಳಿಯ ಒಂದು ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಗುಮಾಸ್ತರು, ಹುಲಕೋಟಿಯಲ್ಲಿ ಹತ್ತುತ್ತಾರೆ.

"ಸರ, ನೀವು ವಾರಕ್ಕ ಎರಡ ದಿನಾ ಬಂದು ಎರಡೂವರಿ ಟಿಕೀಟ ಹೋತು ಅಂತೀರಿ. ನಾ ಆರೂ ದಿನಾ ಬರ್ತೇನ್ರಿ. ನನಗ ಎಷ್ಟ ಉಳದೈತಿ ಅಂತ ಯಾವಾಗರೆ ಲೆಕ್ಕಾ ಹಾಕೇನೇನು?"

"ನಿಮ್ಮದು ಬಿಡ್ರಿ ಕಾಕಾ, ನಿಮಗ ಪಾಸು ಬರೋಬ್ಬರಿ ಹೊಂದತೈತಿ. ನಮ್ಮಂಥವರಿಗೆ ಏನರೆ ಬ್ಯಾರೆ ವ್ಯವಸ್ಥಾ ಆಗಬೇಕಲ್ಲ?"

"ಬ್ಯಾರೆ ಅಂದ್ರ ಹ್ಯಾಂಗ್ರಿ? ಅರ್ಧಾ ಪಾಸೇನು?"

ಅರ್ಧ ಪಾಸು ಎಂಬ ಅವರ ಮಾತಿಗೆ ಆಗ ಇಬ್ಬರೂ ನಕ್ಕೆವು. ಆದರೆ ಅಂಥದೊಂದು ಪಾಸು ಬೇರೆ ದೇಶದಲ್ಲಿ ನಿಜವಾಗಿಯೂ ಇದೆ. ಬ್ರಿಟನ್ನಿನಲ್ಲಿ 2021ರ ಜೂನ್ 21ರಿಂದ 'ಫ್ಲೆಕ್ಸಿ ಸೀಸನ್' ಎಂಬ ಟಿಕೆಟನ್ನು ಮಾರಾಟಕ್ಕೆ ಬಿಟ್ಟು, ಅದೇ ತಿಂಗಳ 28ರಿಂದ ಪ್ರಯಾಣಕ್ಕೆ ತೆರೆದರು. ಕೋವಿಡ್ ಕಾಲದಲ್ಲಿ ಮನೆ ಸೇರಿದ ಕಚೇರಿಯ ಜನ ವಾರಕ್ಕೆ ಐದು ದಿನ ಮರಳಿ ಬರುವುದಿಲ್ಲ ಎಂಬುದು ಅಲ್ಲಿನ ರೈಲಿನವರಿಗೆ ಅಷ್ಟು ಹೊತ್ತಿಗೆ ಮನವರಿಕೆಯಾಗಿತ್ತು. ಈ ಟಿಕೆಟ್ ಕೊಂಡವರಿಗೆ ಎರಡು ನಿಗದಿತ ನಿಲ್ದಾಣಗಳ ನಡುವೆ 28 ದಿನಗಳ ಒಳಗೆ ಯಾವುದೇ ಎಂಟು ದಿನ ಓಡಾಡುವ ಹಕ್ಕು ದೊರೆಯುತ್ತದೆ. ಯಾವ ಎಂಟು ದಿನ ಎಂಬುದನ್ನು ಮುಂಚಿತವಾಗಿ ಹೇಳಬೇಕಾಗಿಲ್ಲ. ಸ್ಮಾರ್ಟ್ ಕಾರ್ಡಿನಲ್ಲೋ ಮೊಬೈಲಿನಲ್ಲೋ ಎಂಟು ದಿನದ ಪಾಸುಗಳು ಕುಳಿತಿರುತ್ತವೆ, ಹೋಗುವ ದಿನ ಒಂದನ್ನು ಬಳಸಿದರೆ ಆಯಿತು.

ಅಲ್ಲಿ ಇದು ಏಕೆ ಬೇಕಾಯಿತು ಎಂಬುದು ಅಲ್ಲಿನ ದರದ ಕಟ್ಟಣೆಯನ್ನು ನೋಡಿದರೆ ತಿಳಿಯುತ್ತದೆ. ಬ್ರಿಟನ್ನಿನ ವಾರ್ಷಿಕ ಪಾಸಿಗೆ ನಲವತ್ತು ವಾರದ ಪಾಸುಗಳ ಬೆಲೆ, ತಿಂಗಳ ಪಾಸಿಗೆ 3.84 ವಾರದ ಪಾಸುಗಳ ಬೆಲೆ. ಈ ಎಲ್ಲ ಲೆಕ್ಕದ ಬುಡದಲ್ಲಿರುವುದು ವಾರದಲ್ಲಿ ಐದು ದಿನ ತಪ್ಪದೆ ಹೋಗುವ ಮನುಷ್ಯ. ಅವನಿಗೆ ಸಿಗುವ ರಿಯಾಯಿತಿಯೂ ನಮ್ಮಲ್ಲಿಯಷ್ಟು ಉದಾರವಲ್ಲ. ಆದ್ದರಿಂದ ಅವನು ಎರಡು ದಿನ ಮನೆಯಲ್ಲಿ ಉಳಿದ ಕೂಡಲೇ ಪಾಸು ಮೈಮೇಲೆ ಬರುತ್ತದೆ, ಬಿಡಿ ಟಿಕೆಟಿಗೆ ಹೋದರೆ ಬೆಳಗಿನ ದಟ್ಟಣೆಯ ಹೊತ್ತಿನ ಪೂರ್ಣ ದರ ತೆರಬೇಕಾಗುತ್ತದೆ. ಫ್ಲೆಕ್ಸಿ ಬಂದ ಮೇಲೂ ಅಲ್ಲಿ ಎಲ್ಲರಿಗೂ ಸಮಾಧಾನವಾಗಲಿಲ್ಲ. ವಾರಕ್ಕೆ ಎರಡು ದಿನ ಹೋಗುವವನಿಗೆ ಎಂಟರ ಕಟ್ಟು ಅಳತೆ ಕೊಟ್ಟು ಹೊಲಿಸಿದಂತಿದೆ. ಮೂರು ದಿನ ಹೋಗುವವನಿಗೆ ನಾಲ್ಕು ವಾರಕ್ಕೆ ಹನ್ನೆರಡು ದಿನ ಬೇಕು, ಎಂದರೆ ಒಂದೂವರೆ ಕಟ್ಟು, ಆಗ ಉಳಿತಾಯ ಕರಗಿ ಹೋಗುತ್ತದೆ. ಅಮೆರಿಕದಲ್ಲೂ ಇಂಥ ಪ್ರಯತ್ನಗಳಾದವು. 2022ರಲ್ಲಿ ನ್ಯೂಯಾರ್ಕ್ ಸುತ್ತಲಿನ ಲಾಂಗ್ ಐಲ್ಯಾಂಡ್ ಮತ್ತು ಮೆಟ್ರೋ-ನಾರ್ತ್ ರೈಲುಗಳಲ್ಲಿ ಶೇಕಡಾ 20ರ ರಿಯಾಯಿತಿಯಲ್ಲಿ, 60 ದಿನ ನಡೆಯುವ ಇಪ್ಪತ್ತು ಪ್ರಯಾಣಗಳ ಟಿಕೆಟನ್ನು ತಂದರು.

ಬ್ರಿಟನ್ನಿನ ಈ ಎಂಟು ದಿನದ ಸಂಗತಿಯನ್ನು ಓದುವಾಗ ನನ್ನ ಲೆಕ್ಕದ ಹಾಳೆ ಪಕ್ಕದಲ್ಲೇ ಇತ್ತು. ಹದಿನೈದು ಬಿಡಿ ಪ್ರಯಾಣ ಎಂದರೆ ಏಳೂವರೆ ದಿನದ ಹೋಗಿಬರುವಿಕೆ. ಎಂದರೆ ನಮ್ಮ ತಿಂಗಳ ಪಾಸಿನ ಹಣ ಎಂಟನೆಯ ದಿನ ಸಂಜೆ ಮನೆಗೆ ಮರಳುವಷ್ಟರಲ್ಲಿ ಪೂರ್ತಿ ವಸೂಲಾಗಿರುತ್ತದೆ. ಅದರಾಚೆಗಿನ ಇಪ್ಪತ್ತೆರಡು ದಿನ ಬಿಟ್ಟಿ. ಅಲ್ಲಿ ಎಂಟು ದಿನಕ್ಕೆಂದು ಹೊಸದಾಗಿ ಹುಟ್ಟಿಸಿದ ಪಾಸಿನ ಕೆಲಸವನ್ನು ಇಲ್ಲಿ ನಮ್ಮ ಹಳೆಯ ಪಾಸು ಯಾರೂ ಕೇಳದೆಯೇ ಮಾಡುತ್ತಿದೆ. ವಾರಕ್ಕೆ ಆರು ದಿನ ದುಡಿಯುವವರಿಗಾಗಿ ಮಾಡಿದ ದರವು ವಾರಕ್ಕೆ ಎರಡು ದಿನ ಹೋಗುವವನಿಗೂ ಸರಿಹೋಗುವಷ್ಟು ಅಗ್ಗವಾಗಿರುವುದರಿಂದ, ಬ್ರಿಟನ್ನಿನವರ ಗೋಳು ನಮ್ಮ ಗೋಳಲ್ಲ ಎಂಬುದು ಮೊದಲ ತಿದ್ದುಪಡಿ.

ಎರಡನೆಯ ತಿದ್ದುಪಡಿ ನನ್ನ ನಷ್ಟದ ಲೆಕ್ಕಕ್ಕೇ ಬಂತು. ಬೆಳಿಗ್ಗೆ ನಾನು ಪ್ಯಾಸೆಂಜರ್ ಗಾಡಿಗೆ ಹೋಗುತ್ತೇನೆ, ಸಂಜೆ ಹೆಚ್ಚಾಗಿ ಎಕ್ಸ್‌ಪ್ರೆಸ್ ಹಿಡಿಯುತ್ತೇನೆ. ಬಿಡಿ ಟಿಕೆಟಿನಲ್ಲಿ ಇವೆರಡರ ದರ ಒಂದೇ ಅಲ್ಲ. ಪ್ಯಾಸೆಂಜರಿನ ಕನಿಷ್ಠ ದರ 10 ರೂಪಾಯಿ, ಎಕ್ಸ್‌ಪ್ರೆಸ್ಸಿನ ಕನಿಷ್ಠ ದರ 30 ರೂಪಾಯಿ. ಕೋವಿಡ್ ನಂತರ ಪ್ಯಾಸೆಂಜರ್ ಗಾಡಿಗಳನ್ನು ಎಕ್ಸ್‌ಪ್ರೆಸ್ ಸ್ಪೆಷಲ್ ಎಂದು ಹೆಸರು ಬದಲಿಸಿ ಓಡಿಸಿದ ಕಾಲದಲ್ಲಿ, ಪಕ್ಕದ ಊರಿಗೆ ಹೋಗುವವರೂ ಮೂವತ್ತು ರೂಪಾಯಿ ಕೊಟ್ಟಿದ್ದನ್ನು ನಮ್ಮ ಕಡೆಯ ಯಾರೂ ಮರೆತಿರಲಾರರು. 2024ರ ಫೆಬ್ರವರಿಯಲ್ಲಿ ಅದು ಮತ್ತೆ ಹತ್ತಕ್ಕೆ ಇಳಿಯಿತು. ಪಾಸಿನವನಿಗೆ ಈ ಭೇದ ತಾಗುವುದಿಲ್ಲ. ಅನುಮತಿ ಇರುವ ಎಕ್ಸ್‌ಪ್ರೆಸ್ಸುಗಳ ಜನರಲ್ ಬೋಗಿಯಲ್ಲಿ ಅವನು ಅದೇ ಪಾಸಿನ ಮೇಲೆ ಹೋಗುತ್ತಾನೆ, ಸೂಪರ್‌ಫಾಸ್ಟಿಗೆ ಮಾತ್ರ ಹೆಚ್ಚುವರಿ ಶುಲ್ಕ ತುಂಬಬೇಕು. ಸಂಜೆಯ ಹತ್ತೊಂಬತ್ತು ಪ್ರಯಾಣಗಳಿಗೆ ಎಕ್ಸ್‌ಪ್ರೆಸ್ ದರ ಹಾಕಿ ನೋಡಿದಾಗ ನನ್ನ ಎರಡೂವರೆ ಟಿಕೆಟಿನ ನಷ್ಟ ಮಾಯವಾಗಿ, ನಾನು ಲಾಭದಲ್ಲಿರುವುದು ತಿಳಿಯಿತು. ಹುಲಕೋಟಿಯ ಕಾಕಾ ಅವರಿಗೆ ಇದನ್ನು ಇನ್ನೂ ಹೇಳಿಲ್ಲ.

ಹಾಗಾದರೆ ದೂರು ಮುಗಿಯಿತೇ? ನನ್ನ ಮಟ್ಟಿಗೆ ಬಹುತೇಕ ಮುಗಿಯಿತು. ಆದರೆ ನಮ್ಮ ಬೋಗಿಯಲ್ಲಿ ಕೂರುವ ಎಲ್ಲರ ಲೆಕ್ಕ ನನ್ನಂಥದಲ್ಲ. 'ವಾರದಲ್ಲಿ ಕೆಲವೇ ದಿನ ಕಚೇರಿ' ಎಂದ ಕೂಡಲೇ ಕಂಪ್ಯೂಟರ್ ಕಂಪನಿಯವರ ಚಿತ್ರವೊಂದೇ ಕಣ್ಣ ಮುಂದೆ ಬರುತ್ತದೆ. ಅವರೂ ಇದ್ದಾರೆ, ಹುಬ್ಬಳ್ಳಿಯಲ್ಲಿ ಅಂಥ ಕಚೇರಿಗಳಿವೆ. ಆದರೆ ಕೋವಿಡ್ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಈ ದಾರಿಯಲ್ಲಿ ಅರೆಹೊತ್ತಿನ ಪ್ರಯಾಣ ಮಾಡುತ್ತಿರುವವರು ಬೇರೆ ಜನ. ಧಾರವಾಡದಲ್ಲಿ ಮನೆ ಮಾಡಿಕೊಂಡು ಗದಗ, ಹಾವೇರಿ ಜಿಲ್ಲೆಗಳ ಸರ್ಕಾರಿ ಪದವಿ ಕಾಲೇಜುಗಳಿಗೆ ಹೋಗುವ ಅತಿಥಿ ಉಪನ್ಯಾಸಕರು ಅವರಲ್ಲಿ ಮುಖ್ಯರು. ವೇಳಾಪಟ್ಟಿ ಹೊಂದಿಸಿಕೊಂಡು ಮೂರು ದಿನದಲ್ಲಿ ವಾರದ ಪಾಠ ಮುಗಿಸುವವರು ಅವರು. ರಜೆಯ ತಿಂಗಳುಗಳಲ್ಲಿ ಅವರಿಗೆ ಪಾಠವೂ ಇಲ್ಲ, ಪಗಾರವೂ ಇಲ್ಲ. ಇನ್ನು ಧಾರವಾಡದ ಹೈಕೋರ್ಟ್ ಪೀಠಕ್ಕೆ ದಾವೆಯ ತಾರೀಖು ಇದ್ದ ದಿನ ಮಾತ್ರ ಹೋಗುವ ವಕೀಲರಿದ್ದಾರೆ, ವಾರಕ್ಕೊಮ್ಮೆ ಮೂರು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಲು ಬರುವ ನನ್ನಂಥ ಲೆಕ್ಕಿಗರಿದ್ದಾರೆ. ವಾರಕ್ಕೆ ಒಂದೇ ದಿನ ಬರುವವನ ತಿಂಗಳ ಪ್ರಯಾಣ ಎಂಟೋ ಹತ್ತೋ ಟಿಕೆಟಿಗೆ ನಿಲ್ಲುತ್ತದೆ. ಪ್ಯಾಸೆಂಜರಿನಲ್ಲೇ ಓಡಾಡುವವನಾದರೆ ಅವನಿಗೆ ಹದಿನೈದು ಟಿಕೆಟಿನ ಪಾಸು ಸುಮ್ಮನೆ ಹೊರೆ. ನಿಜವಾದ ಕಂದಕ ಇರುವುದು ಇಲ್ಲಿ, ತಿಂಗಳಿಗೆ ಎಂಟು ದಿನಕ್ಕಿಂತ ಕಡಿಮೆ ಬರುವವರ ಬಳಿ.

ಈ ಕಂದಕ ಹಣದ ಲೆಕ್ಕದಲ್ಲಿ ಆಳವಲ್ಲ ಎಂಬುದನ್ನೂ ಒಪ್ಪಬೇಕು. ಪ್ಯಾಸೆಂಜರ್ ಗಾಡಿಯ ಹತ್ತು ಟಿಕೆಟಿಗೂ ಹದಿನೈದು ಟಿಕೆಟಿಗೂ ಇರುವ ವ್ಯತ್ಯಾಸದಲ್ಲಿ ಗದಗ ಸ್ಟೇಷನ್ನಿನ ಹೊರಗೆ ಎರಡು ಪ್ಲೇಟು ಮಿರ್ಚಿ, ನಾಲ್ಕು ಕಪ್ಪು ಚಹಾ ಬಂದಾವು. ಆದರೆ ಪಾಸಿನ ಬೆಲೆ ದುಡ್ಡಿನಲ್ಲಿ ಮಾತ್ರ ಇರುವುದಿಲ್ಲ. ಪಾಸು ಇದ್ದವನು ಕೌಂಟರಿನ ಸರದಿಯಲ್ಲಿ ನಿಲ್ಲುವುದಿಲ್ಲ. ಗಾಡಿ ಪ್ಲಾಟ್‌ಫಾರ್ಮಿಗೆ ಬರುತ್ತಿರುವಾಗ ಓಡಿ ಬಂದು ಹತ್ತಬಲ್ಲ. ಬೆಳಗಿನ ಒಂದು ಗಾಡಿ ತಪ್ಪಿದರೆ ಮುಂದಿನದು ಗಂಟೆಗಟ್ಟಲೆ ತಡ ಇರುವ ನಮ್ಮಂಥ ಮಾರ್ಗದಲ್ಲಿ ಇದು ದೊಡ್ಡ ಸವಲತ್ತು. ಮೊಬೈಲಿನಲ್ಲಿ ಟಿಕೆಟ್ ತೆಗೆಯುವ ರೈಲ್ವೆಯ ಆ್ಯಪ್ ಬಂದ ಮೇಲೆ ಸರದಿಯ ಕಷ್ಟ ಎಷ್ಟೋ ಇಳಿದಿದೆ, ಆದರೆ ಮನೆಯಲ್ಲಿ ಮರೆತು ನಿಲ್ದಾಣದ ಒಳಗೆ ಬಂದ ಮೇಲೆ ಟಿಕೆಟ್ ತೆಗೆಯಲು ಹೋದರೆ ಅದು ಒಪ್ಪುವುದಿಲ್ಲ. ಅಲ್ಲಿ ಅಂಟಿಸಿದ ಕ್ಯೂಆರ್ ಚೀಟಿ ಹುಡುಕಬೇಕು, ಇಲ್ಲವೇ ಹೊರಗೆ ಬಂದು ನಿಲ್ಲಬೇಕು.

ದರದ ಮಾತು ಬಂದಾಗ ಬಸ್ಸನ್ನು ಬಿಟ್ಟು ಮಾತನಾಡಲಾಗದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂದು, ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ನಮ್ಮ ಕಚೇರಿಯಲ್ಲಿ ಗದಗದಿಂದಲೇ ಬರುವ ಸಹೋದ್ಯೋಗಿಯೊಬ್ಬರು ಆ ತಿಂಗಳೇ ರೈಲಿನ ಪಾಸು ಬಿಟ್ಟರು. ವಾರಕ್ಕೆ ಒಂದು ದಿನ ಹೋಗಲಿ, ಐದು ದಿನ ಹೋಗಲಿ, ಯಾವ ಎಣಿಕೆಯೂ ಬೇಕಿಲ್ಲದ ಅವರ ಟಿಕೆಟಿಗಿಂತ ಸಡಿಲವಾದ ದರ ಜಗತ್ತಿನಲ್ಲಿ ಇನ್ನೆಲ್ಲಿದೆ? ಆದರೂ ಮಳೆಗಾಲದಲ್ಲಿ, ಬಸ್ಸಿನಲ್ಲಿ ನಿಂತು ಸಾಕಾದ ದಿನ ಅವರು ರೈಲಿಗೆ ಬರುತ್ತಾರೆ, ಬಿಡಿ ಟಿಕೆಟ್ ತೆಗೆಸಿಕೊಂಡು. ತಿಂಗಳಿಗೆ ಮೂರು ನಾಲ್ಕು ದಿನ ಮಾತ್ರ ರೈಲು ಬೇಕಾದ ಇಂಥವರಿಗೆ ರೈಲ್ವೆಯ ಬಳಿ ಬಿಡಿ ಟಿಕೆಟಿನ ಹೊರತು ಬೇರೇನೂ ಇಲ್ಲ. ಹುಬ್ಬಳ್ಳಿ–ಧಾರವಾಡದ ನಡುವಿನ ಕಥೆ ಇನ್ನೂ ಬೇರೆ. ಅಲ್ಲಿ ಚಿಗರಿ ಬಸ್ಸು ತನ್ನದೇ ಪಥದಲ್ಲಿ ಒಂದರ ಹಿಂದೆ ಒಂದು ಬರುವಾಗ ಆ ಇಪ್ಪತ್ತು ಕಿಲೋಮೀಟರಿಗೆ ರೈಲಿನ ವೇಳೆ ಕಾಯುವವರು ಕಡಿಮೆ. ಆದರೆ ಗದಗದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಬಂದು ಅಲ್ಲಿಂದ ಧಾರವಾಡಕ್ಕೆ ಚಿಗರಿ ಹಿಡಿಯುವವರು ಎರಡು ಕಡೆ ಎರಡು ಲೆಕ್ಕ ಇಡಬೇಕು; ಚಿಗರಿಯ ಕಾರ್ಡು ರೈಲಿಗೆ ನಡೆಯುವುದಿಲ್ಲ, ರೈಲಿನ ಪಾಸು ಚಿಗರಿಗೆ ನಡೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ನನಗೆ ಬೇಕಾದದ್ದು ಏನು ಎಂಬುದನ್ನು ಹೇಳಬೇಕು. ಈಗಿರುವ ತಿಂಗಳ ಪಾಸನ್ನು ಕೂದಲೆಳೆಯಷ್ಟೂ ಮುಟ್ಟದೆ, ಅದರ ಪಕ್ಕದಲ್ಲಿ ಅದೇ ಬೆಲೆಯ ಇನ್ನೊಂದು ಪಾಸನ್ನು ಇಡಬೇಕು. ಮೊದಲನೆಯದು ಈಗಿನಂತೆ ಮೂವತ್ತು ದಿನ, ಎಷ್ಟು ಸಲ ಬೇಕಾದರೂ. ಎರಡನೆಯದು ಅರವತ್ತು ದಿನ, ಆದರೆ ಅದರೊಳಗೆ ಹತ್ತು ದಿನ ಮಾತ್ರ. ಹತ್ತು ದಿನ ಎಂದರೆ ಇಪ್ಪತ್ತು ಪ್ರಯಾಣ, ಕೊಡುವುದು ಹದಿನೈದರ ದರ. ವಾರಕ್ಕೊಮ್ಮೆ ಹೋಗುವವನಿಗೆ ಎರಡು ತಿಂಗಳಿಗೆ ಒಂಬತ್ತು ದಿನ ಬೇಕಾಗುತ್ತದೆ, ಒಂದು ದಿನ ಕೈಯಲ್ಲಿ ಉಳಿಯುತ್ತದೆ. ಯಾವುದು ಬೇಕು ಎಂಬುದನ್ನು ಕೌಂಟರಿನಲ್ಲಿ ಪ್ರಯಾಣಿಕನೇ ಹೇಳಲಿ. ಬೆಲೆ ಒಂದೇ ಆದ್ದರಿಂದ ಹೊಸ ದರಪಟ್ಟಿಯೂ ಬೇಡ.

ಇದಕ್ಕೆ ಬರುವ ಮೊದಲ ಆಕ್ಷೇಪ ಮೋಸದ್ದು, ಮತ್ತು ಅದು ಸುಳ್ಳೂ ಅಲ್ಲ. ಬ್ರಿಟನ್ನಿನ ಎಷ್ಟೋ ನಿಲ್ದಾಣಗಳಲ್ಲಿ ಕಾರ್ಡು ಮುಟ್ಟಿಸದೆ ಗೇಟು ತೆರೆಯುವುದಿಲ್ಲ. ಅಣ್ಣಿಗೇರಿಯಲ್ಲಿ, ಹೆಬಸೂರಿನಲ್ಲಿ ಗೇಟು ಎಲ್ಲಿದೆ? ಹತ್ತು ದಿನದ ಪಾಸಿನವನು ದಿನವನ್ನು ಲೆಕ್ಕಕ್ಕೆ ಹಾಕದೆ ಕುಳಿತು, ಟಿ.ಸಿ. ಬೋಗಿಗೆ ಬಂದಾಗ ಮಾತ್ರ ಮೊಬೈಲ್ ಒತ್ತಿದರೆ ಆ ಹತ್ತು ದಿನ ಅರವತ್ತೂ ದಿನ ಬಾಳುತ್ತವೆ. ನಮ್ಮ ಜನರ ಜಾಣತನದ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ. ಆದರೆ ಇದಕ್ಕೆ ಮದ್ದು ರೈಲ್ವೆಯ ಕೈಯಲ್ಲೇ ಇದೆ. ಮೊಬೈಲಿನಲ್ಲಿ ಬಿಡಿ ಟಿಕೆಟ್ ತೆಗೆಯುವಾಗ, ಹಳಿಯ ಹತ್ತಿರ ಇದ್ದೀರಿ, ದೂರ ಹೋಗಿ ತೆಗೆಯಿರಿ ಎಂದು ತಡೆಯುವ ಬೇಲಿ ಈಗಾಗಲೇ ಇದೆ, ಮತ್ತು ಅದು ಇರುವುದೇ ಟಿ.ಸಿ.ಯನ್ನು ಕಂಡು ಟಿಕೆಟ್ ತೆಗೆಯುವವರನ್ನು ತಡೆಯಲು. ದಿನದ ಪಾಸನ್ನು ಚಾಲೂ ಮಾಡುವುದಕ್ಕೂ ಅದೇ ಬೇಲಿಯನ್ನು ಹಾಕಿದರೆ, ನಿಲ್ದಾಣಕ್ಕೆ ಬರುವ ಮೊದಲೇ ಒತ್ತಬೇಕಾಗುತ್ತದೆ, ಗಾಡಿಯಲ್ಲಿ ಕುಳಿತು ಒತ್ತಲಾಗದು. ಸಾದಾ ಫೋನಿನವರಿಗೆ ಏನು ಮಾಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ಅವರಿಗೆ ಹತ್ತು ಚೀಟಿಗಳ ಕಾಗದದ ಪುಸ್ತಕ ಕೊಟ್ಟು, ಹತ್ತುವ ಮೊದಲು ಚೀಟಿಯ ಮೇಲೆ ಶಾಯಿಯಲ್ಲಿ ತಾರೀಖು ಬರೆದುಕೊಳ್ಳಬೇಕು ಎಂದರೆ ಸಾಕೆಂದು ನನಗನ್ನಿಸುತ್ತದೆ.

ಎರಡನೆಯದು ಆಕ್ಷೇಪವಲ್ಲ, ನನ್ನದೇ ಭಯ. 2014ರ ಜೂನ್ 20ರಂದು, ನಮ್ಮ ರಾಜ್ಯದವರೇ ಆದ ಡಿ. ವಿ. ಸದಾನಂದಗೌಡರು ರೈಲ್ವೆ ಸಚಿವರಾಗಿದ್ದಾಗ, ಪ್ರಯಾಣ ದರವನ್ನು ಶೇಕಡಾ 14.2ರಷ್ಟು ಏರಿಸುವ ಪ್ರಕಟಣೆ ಹೊರಬಿತ್ತು. ಅದರ ಜೊತೆಯಲ್ಲೇ ತಿಂಗಳ ಪಾಸಿನ ಆಧಾರವನ್ನು ಸುಮಾರು ಹದಿನೈದು ಬಿಡಿ ಪ್ರಯಾಣಗಳಿಂದ ಸುಮಾರು ಮೂವತ್ತಕ್ಕೆ ಒಯ್ಯುವ ತೀರ್ಮಾನವೂ ಇತ್ತು. ಎಂದರೆ ಪಾಸಿನ ಬೆಲೆ ಒಂದೇ ಏಟಿಗೆ ಎರಡು ಪಟ್ಟಾಗಿ, ಅದರ ಮೇಲೆ ದರ ಏರಿಕೆ. ಮುಂಬೈಯ ಲೋಕಲ್ ಪ್ರಯಾಣಿಕರ ಕೂಗಿಗೆ ನಾಲ್ಕೇ ದಿನದಲ್ಲಿ, ಜೂನ್ 24ರಂದು, ಹದಿನೈದರ ಆಧಾರವನ್ನೇ ಉಳಿಸಲಾಯಿತು. ಉಪನಗರವಲ್ಲದ ಮಾರ್ಗಗಳಿಗೂ ಅದು ಅನ್ವಯಿಸಿದ್ದರಿಂದ ಗದಗ, ಹಾವೇರಿಯ ನಾವೂ ಮುಂಬೈಯವರ ಪುಣ್ಯದಲ್ಲಿ ಪಾಲು ಪಡೆದೆವು. ಮೂವತ್ತಾಗಿದ್ದರೆ ಪಾಸಿನ ಹಣ ವಸೂಲಾಗಲು ಹದಿನೈದು ದಿನ ಬೇಕಾಗುತ್ತಿತ್ತು. ವಾರಕ್ಕೆ ಎರಡು ದಿನದವರು, ಮೂರು ದಿನದವರು ಎಲ್ಲರೂ ಹೊರಗೆ ಉಳಿಯುತ್ತಿದ್ದರು, ಹುಲಕೋಟಿಯ ಕಾಕಾನಂಥವರು ಮಾತ್ರ ಒಳಗೆ.

ಟಿಕೆಟಿನ ಮೇಲೆ ಒಂದು ಕಾಲಕ್ಕೆ, ಪ್ರಯಾಣದ ವೆಚ್ಚದಲ್ಲಿ ರೈಲ್ವೆಗೆ ಸರಾಸರಿ ಶೇಕಡಾ 57ರಷ್ಟು ಮಾತ್ರ ವಸೂಲಾಗುತ್ತದೆ ಎಂದು ಅಚ್ಚು ಹಾಕುತ್ತಿದ್ದುದು ನೆನಪಿದೆ. ಓದಿದಾಗಲೆಲ್ಲ ಯಾರದೋ ಮನೆಯಲ್ಲಿ ಊಟಕ್ಕೆ ಕುಳಿತಾಗ ಅಕ್ಕಿಯ ರೇಟು ಕೇಳಿದ ಹಾಗಾಗುತ್ತಿತ್ತು. ಪಾಸಿನವರಿಂದ ಬರುವುದು ಬಿಡಿ ಟಿಕೆಟಿನವರಿಗಿಂತಲೂ ಕಡಿಮೆ. ಹೀಗಿರುವಾಗ 'ಎಷ್ಟು ದಿನ ಬರುತ್ತೀರೋ ಅಷ್ಟಕ್ಕೇ ಕೊಡಿ' ಎಂಬ ವ್ಯವಸ್ಥೆ ಬೇಕೆಂದು ನಾವು ದೊಡ್ಡ ದನಿಯಲ್ಲಿ ಕೇಳಿದರೆ, ಅದನ್ನು ಕೊಟ್ಟು, ಇನ್ನು ಲೆಕ್ಕವಿಲ್ಲದ ಪಾಸು ಯಾರಿಗೆ ಬೇಕು ಎಂದು ಹಳೆಯದನ್ನು ತೆಗೆದು ಹಾಕುವುದು ಕಷ್ಟದ ಕೆಲಸವಲ್ಲ. ಅಂಥ ದಿನ ಬಂದರೆ ನಷ್ಟವಾಗುವುದು ಲ್ಯಾಪ್‌ಟಾಪಿನವರಿಗಲ್ಲ. ದಿನವೂ ಬರುವ ಗುಮಾಸ್ತರು, ಆಸ್ಪತ್ರೆಯ ಆಯಾಗಳು, ಗಾರೆ ಕೆಲಸದವರು, ಬುಟ್ಟಿ ಹೊತ್ತು ಬರುವ ಕಾಯಿಪಲ್ಯೆಯವರು ತಿಂಗಳಿಗೆ ಐವತ್ತು ಪ್ರಯಾಣ ಮಾಡಿ ಹದಿನೈದರ ದರ ಕೊಡುತ್ತಿದ್ದಾರೆ. ಅವರ ಮೇಲೆಯೇ ಭಾರ ಬೀಳುತ್ತದೆ. ಆದ್ದರಿಂದ ನನ್ನ ಬೇಡಿಕೆಯಲ್ಲಿ 'ಮುಟ್ಟದೆ' ಎಂಬ ಪದವೇ ಮೊದಲು ಬರಬೇಕು, ಹತ್ತು ದಿನದ ಪಾಸು ಆಮೇಲೆ. ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯುವುದಾದರೆ ನನಗೆ ಎರಡೂವರೆ ಟಿಕೆಟಿನ ನಷ್ಟವೇ ಇರಲಿ.

ಮೊದಲ ದರ್ಜೆಯ ಪಾಸಿನ ಮಾತನ್ನು ಬೇಕೆಂದೇ ಎತ್ತಿಲ್ಲ. ಅದರ ಬೆಲೆ ಎರಡನೆಯದರ ನಾಲ್ಕು ಪಟ್ಟು, ಆ ಬೋಗಿ ನಮ್ಮ ಪ್ಯಾಸೆಂಜರ್ ಗಾಡಿಗಳಲ್ಲಿ ಕಾಣುವುದಿಲ್ಲ. ಜನಶತಾಬ್ದಿ, ವಂದೇ ಭಾರತಗಳಿಗೂ ನಮ್ಮ ಪಾಸಿಗೂ ಸಂಬಂಧವಿಲ್ಲ.

ಸದ್ಯಕ್ಕೆ ಹಳಬರು ಮಾಡುವ ಉಪಾಯವನ್ನೇ ನಾನೂ ಕಲಿತಿದ್ದೇನೆ. ಪಾಸು ಮುಗಿದ ದಿನವೇ ಅವರು ಹೊಸದು ಮಾಡಿಸುವುದಿಲ್ಲ. ಮುಂದೆ ಹಬ್ಬ, ಜಾತ್ರೆ, ಲಗ್ನ ಏನಿದೆ ಎಂದು ನೋಡಿ, ರಜೆಯ ವಾರವನ್ನು ಪಾಸಿಲ್ಲದೆ ದಾಟಿಸಿ, ನಡುವೆ ಹೋಗಲೇಬೇಕಾದರೆ ಒಂದೆರಡು ಬಿಡಿ ಟಿಕೆಟ್ ತೆಗೆದು, ಕೆಲಸ ಒತ್ತಿ ಬರುವ ತಿಂಗಳ ಮೊದಲ ದಿನಕ್ಕೆ ಹೊಸ ಪಾಸಿನ ತಾರೀಖನ್ನು ಕೂಡಿಸುತ್ತಾರೆ. ಮೂರು ತಿಂಗಳ ಪಾಸಿನಲ್ಲಿ ಈ ಆಟ ನಡೆಯುವುದಿಲ್ಲ, ಅದಕ್ಕೆ ತಿಂಗಳದ್ದೇ ಬೇಕು, 2.7ರ ಬದಲು ಮೂರು ಪಟ್ಟು ಕೊಟ್ಟರೂ ನಡುವಿನ ಖಾಲಿ ವಾರಗಳು ಅದನ್ನು ತುಂಬಿ ಕೊಡುತ್ತವೆ. ನಾನೂ ಈಗ ದಸರೆಯ ವಾರ ಕಳೆಯಲೆಂದು ಕಾಯುತ್ತಿದ್ದೇನೆ. ಮೊನ್ನೆ ಗುರುವಾರ ಬಿಡಿ ಟಿಕೆಟಿನಲ್ಲಿ ಹೋಗುವಾಗ, "ಅರ್ಧಾ ಪಾಸು ಸಿಕ್ಕತೇನ್ರಿ ಸರ?" ಎಂದು ಹುಲಕೋಟಿಯ ಕಾಕಾ ಕೇಳಿದರು. ಹಬ್ಬ ಮುಗಿದ ಮಂಗಳವಾರದಿಂದ ಪೂರ್ತಿ ಪಾಸೇ ಮಾಡಿಸುತ್ತೇನೆ ಎಂದೆ, ಆದರೆ ಒಂದೇ ತಿಂಗಳದ್ದು. ದೀಪಾವಳಿ ಯಾವ ವಾರದಲ್ಲಿ ಬೀಳುತ್ತದೆ ಎಂದು ಅವರು ಬೆರಳು ಮಡಚಿ ಎಣಿಸತೊಡಗಿದರು.